ರೋಗಿಯ ಬಾಗಿಲಿಗೆ ದಾಸೋಹ

(ಈಶ್ವರಮಂಗಲದಲ್ಲಿ ಮಾಡಿದ ಉಪನ್ಯಾಸ)



ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದೆಂಬುದು ತಮಗೆಲ್ಲರಿಗೂ ವಿದಿತವಾದ ಸಂಗತಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಿದರು. ದಾಸೋಹವು ದಾನವಲ್ಲ, ಅಲ್ಲಿ ಕೊಟ್ಟೆನೆಂಬ ಹಮ್ಮಿಗೆ ಎಡೆಯಿಲ್ಲ. ಇಂದಿಗೂ ನಮ್ಮ ಮಠಗಳ ಪಂಕ್ತಿಯಲ್ಲಿ ಬಂದವರೆಲ್ಲರೂ ಉಣ್ಣುತ್ತಾರೆ. ಆದರೆ ಪಂಕ್ತಿಗೆ ಬರಲಾರದವನೊಬ್ಬನುಂಟು. ಅವನೇ ರೋಗಿ.

ಕಾಯಿಲೆಯೆಂದೊಡನೆ ಪಥ್ಯವೆಂದು ತಿಳಿಗಂಜಿ, ಉಪ್ಪಿನಕಾಯಿಗಳಲ್ಲಿಯೇ ವಾರಗಟ್ಟಲೆ ಕಳೆಯುವ ವಾಡಿಕೆ ನಮ್ಮಲ್ಲುಂಟು. ಎರಡು ದಿನದ ಜ್ವರಕ್ಕೆ ಗಂಜಿ ಯುಕ್ತವೇ ಸರಿ. ಕ್ಷಯದಂತಹ ದೀರ್ಘರೋಗಕ್ಕೆ ಅದು ಸಾಲದು. ಕಾರಣವೇನೆಂದರೆ, ಆ ರೋಗವು ಮೈಯ ಮಾಂಸವನ್ನೇ ಕರಗಿಸುತ್ತದೆ, ಹಸಿವನ್ನೂ ಅಡಗಿಸುತ್ತದೆ. ದುಡಿಯುವವನೇ ಮಲಗಿದರೆ ಮನೆಯ ಒಲೆಯೂ ತಣ್ಣಗಾಗುತ್ತದೆ.

ಅನ್ನವೂ ಚಿಕಿತ್ಸೆಯ ಅಂಗವೆಂಬುದಕ್ಕೆ ಪ್ರಮಾಣವನ್ನು ಒದಗಿಸಿದವರು ನಮ್ಮ ಜಿಲ್ಲೆಯ ವೈದ್ಯರೇ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ ಭಾರ್ಗವ, ಡಾ. ಮಾಧವಿ ಭಾರ್ಗವ ಮೊದಲಾದವರು 2019ರಿಂದ 2022ರ ವರೆಗೆ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2,800 ಕ್ಷಯರೋಗಿಗಳಿಗೆ ಔಷಧದೊಡನೆ ತಿಂಗಳಿಗೆ 10 ಕಿಲೋ ಆಹಾರಸಾಮಗ್ರಿಯನ್ನು ಕೊಡಿಸಿದರು. ಮೊದಲ ಎರಡು ತಿಂಗಳಲ್ಲಿ ತೂಕವು ನೂರಕ್ಕೆ 5ರಷ್ಟು ಏರಿದವರಲ್ಲಿ ಮರಣಸಂಭವವು ನೂರಕ್ಕೆ 61ರಷ್ಟು ಕಡಿಮೆಯಾಗಿ ಕಂಡಿತು. ಮನೆಯ ಇತರರಿಗೂ ಪುಷ್ಟಿಯಾಹಾರವಿತ್ತಲ್ಲಿ, ಅವರಿಗೆ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ 39ರಷ್ಟು ಇಳಿಯಿತು. ಈ ಫಲಿತಾಂಶಗಳು 2023ರಲ್ಲಿ ಪ್ರಕಟವಾದವು.

ಕ್ಷಯರೋಗಿಯ ಪೋಷಣೆಗೆ ಸರಕಾರವು 2018ರಲ್ಲಿ ತಿಂಗಳಿಗೆ 500 ರೂಪಾಯಿಗಳನ್ನು ಗೊತ್ತುಪಡಿಸಿತು. 2024ರ ನವೆಂಬರಿನಿಂದ ಅದು 1,000 ರೂಪಾಯಿಯಾಯಿತು. 2022ರಲ್ಲಿ ಆರಂಭವಾದ ನಿಕ್ಷಯ ಮಿತ್ರ ಯೋಜನೆಯು ಸಂಘಸಂಸ್ಥೆಗಳಿಗೂ ರೋಗಿಗಳ ಪೋಷಣೆಯಲ್ಲಿ ಭಾಗಿಗಳಾಗಲು ದಾರಿ ತೆರೆಯಿತು. ಮಠಕ್ಕೆ ಇದಕ್ಕಿಂತ ಸಹಜವಾದ ಕಾರ್ಯವಾವುದು?

ಆದಕಾರಣ, ಭಕ್ತರು ಶ್ರೀಮಠಕ್ಕೆ ತರುವ ಕಾಣಿಕೆಯಲ್ಲಿ ಒಂದು ಪಾಲು ಅಕ್ಕಿ, ಹೆಸರು, ಕಡಲೆ, ನೆಲಗಡಲೆ, ಎಣ್ಣೆಗಳಾಗಿ ರೋಗಿಯ ಮನೆಗೆ ಸಲ್ಲಲಿ. ಗಂಜಿಗೆ ಹೆಸರು ಬೆರೆಯಲಿ, ಜೊತೆಗೆ ಹಾಲು ಮೊಸರುಗಳಿರಲಿ. ಒಮ್ಮೆಗೇ ಉಣ್ಣಲಾರದವನಿಗೆ ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಬಡಿಸಿರಿ. ತಿಂಗಳಿಗೊಮ್ಮೆ ತೂಕ ನೋಡಿಸಿರಿ. ಇಳಿದಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಿರಿ. ಸಿಹಿಮೂತ್ರ, ಮೂತ್ರಪಿಂಡದ ಬೇನೆಗಳುಳ್ಳವರ ಆಹಾರವನ್ನು ವೈದ್ಯರೇ ನಿರ್ಣಯಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ರೋಗಿಯ ಹೆಸರನ್ನು ಊರಿಗೆ ಸಾರಬೇಡಿರಿ. ನಾಚಿಸಿ ಕೊಟ್ಟ ಅನ್ನವು ದಾಸೋಹವಾಗದು.

ಜಂಗಮವನ್ನು ಮನೆಗೆ ಬರಮಾಡಿಕೊಂಡು ಸೇವಿಸುವ ಧರ್ಮ ನಮ್ಮದು. ಏಳಲಾರದವನ ಮನೆಗೆ ನಾವೇ ನಡೆದುಹೋದರೆ ಅದೂ ಜಂಗಮಸೇವೆಯೇ ಸರಿ.