ಗರಿಯ ಪೀಪಿಯೂ ಚರ್ಚಿನ ಆರ್ಗನ್ನೂ



ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ತೋಟದಲ್ಲಿ ಮಗುವೊಂದು ತೆಂಗಿನ ಗರಿ ಸುತ್ತಿ ಪೀಪಿ ಊದುತ್ತದೆ. ಚಪ್ಪಟೆಯಾದ ಬಾಯಿ ಅದುರುತ್ತದೆ. ಅಗಲವಾಗುವ ಸುರುಳಿ ಅದನ್ನು ದೊಡ್ಡದು ಮಾಡುತ್ತದೆ. ಚರ್ಚಿನ ಪೈಪ್ ಆರ್ಗನ್ನಿನ ಒಂದು ಮನೆತನದ ಗುಟ್ಟು ಇಷ್ಟೇ.

ಆರ್ಗನ್ನಿನ ನಾದಕ್ಕೆ ನಾಲ್ಕು ಮನೆತನಗಳುಂಟು. ಪ್ರಿನ್ಸಿಪಲ್ ಮನೆಯ ಯಜಮಾನ. ಬೇರೆ ವಾದ್ಯವನ್ನು ಅನುಕರಿಸದೆ ಸಭೆಯ ಹಾಡಿಗೆ ಆಧಾರವಾಗುತ್ತದೆ. ಫ್ಲೂಟಿನ ಕೊಳವೆ ಅಗಲ, ದನಿ ಮೃದು. ಸ್ಟ್ರಿಂಗಿನಲ್ಲಿ ತಂತಿಯೇ ಇಲ್ಲ. ಕೊಳವೆ ಸಪೂರವಾದ್ದರಿಂದ ಪಿಟೀಲಿನ ಛಾಯೆ ಬರುತ್ತದೆ. ಈ ಮೂರರಲ್ಲೂ ಗಾಳಿ ಕೊಳಲಿನಂತೆ ಅಂಚಿಗೆ ಬಡಿದು ನುಡಿಯುತ್ತದೆ. ನಾಲ್ಕನೆಯ ರೀಡಿನಲ್ಲಿ ಮಾತ್ರ ಲೋಹದ ನಾಲಿಗೆ ಅದುರುತ್ತದೆ. ಅದಕ್ಕೆ ತುತ್ತೂರಿಯ ಗತ್ತು.

ನಾಟಕದ ಹಾರ್ಮೋನಿಯಂ ಈ ರೀಡಿನ ಬಂಧು, ಆದರೆ ಕೊಳವೆಯಿಲ್ಲದ ಬಂಧು. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ದೆಬೈನ್ ಅದಕ್ಕೆ ಪೇಟೆಂಟ್ ಪಡೆದ. ಗಮಕ ಹೊಮ್ಮದು ಎಂಬ ಆಕ್ಷೇಪದಿಂದ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. 1971ರವರೆಗೆ ಬಾಗಿಲು ತೆರೆಯಲಿಲ್ಲ. ಆದರೆ ಪಕ್ಕದ ಗುಬ್ಬಿಯ ವೀರಣ್ಣನವರ ಕಂಪನಿ ಬೆಳೆಸಿದ ರಂಗಸಂಗೀತದಲ್ಲಿ, ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ನಟನಿಗೆ ಶ್ರುತಿ ಕೊಟ್ಟದ್ದು ಅದೇ ಪೆಟ್ಟಿಗೆ.

ಈಗ ಕೀಬೋರ್ಡಿನ ಒಂದು ಗುಂಡಿಯೊತ್ತಿದರೆ ನಾಲ್ಕು ಮನೆತನದ ದನಿಯೂ ಬರುತ್ತದೆ. ಅನುಕೂಲವೇ ಸರಿ. ಆದರೆ ಹಾಡುವವನ ಉಸಿರು ನೋಡಿ ತಿದಿಯ ಒತ್ತಡ ಹೆಚ್ಚುಕಡಿಮೆ ಮಾಡುವ ಮೇಷ್ಟರ ಕೈ ಯಾವ ಗುಂಡಿಯಲ್ಲೂ ಸಿಗುವುದಿಲ್ಲ. ಆ ಕೈಯಿಂದ ಕಲಿಯುವವರು ಊರಿಗೊಬ್ಬರಾದರೂ ಉಳಿಯಬೇಕು.