ಕಕ್ಷಿದಾರನ ಹಣ, ವಕೀಲನ ಲೆಕ್ಕ

(ದುಬೈಯ ಕನ್ನಡಿಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ವಕೀಲ ವೃತ್ತಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ವಕೀಲನ ಕೈಗೆ ಬಂದ ಕಕ್ಷಿದಾರನ ಹಣ ದಾರಿ ತಪ್ಪಿದರೆ ಕೇಳುವವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ. ಕೊಲ್ಲಿಯ ಕನ್ನಡಿಗರಿಗೆ ಇದು ಎರಡು ದಿಕ್ಕಿನಿಂದ ಎದುರಾಗುತ್ತದೆ. ಜಮೀನಿನ ವ್ಯಾಜ್ಯ ಉಡುಪಿಯ ನ್ಯಾಯಾಲಯದಲ್ಲಿದ್ದರೆ, ಪವರ್ ಆಫ್ ಅಟಾರ್ನಿ ಬರೆದುಕೊಟ್ಟು ನಾವು ಇಲ್ಲಿರುತ್ತೇವೆ. ಇಲ್ಲಿ ದುಡಿಯುತ್ತಿದ್ದವನು ಅಪಘಾತದಲ್ಲಿ ತೀರಿಕೊಂಡರೆ, ಅವನ ಹೆಂಡತಿ ಮಕ್ಕಳು ಊರಿನಿಂದ ಅದೇ ಪತ್ರ ಕಳುಹಿಸುತ್ತಾರೆ. ಹಣ ಬರುವುದು ಒಂದು ದೇಶದಲ್ಲಿ, ಹಕ್ಕುದಾರ ಇರುವುದು ಇನ್ನೊಂದು ದೇಶದಲ್ಲಿ. ಹಣ ಬಂದ ಸುದ್ದಿಯೇ ಅವನನ್ನು ತಲುಪದಿರಬಹುದು.

ಉತ್ತರ ಪ್ರದೇಶದ ಬಡ, ಅನಕ್ಷರಸ್ಥ ವೃದ್ಧರೊಬ್ಬರ ಪ್ರಕರಣವನ್ನು ನೋಡಿ. ಭೂಸ್ವಾಧೀನದ ಪರಿಹಾರವಾಗಿ ಸರಕಾರ ಠೇವಣಿ ಇಟ್ಟಿದ್ದ 8,118 ರೂಪಾಯಿಯನ್ನು ಅವರ ವಕೀಲ 1987ರಲ್ಲಿ ತೆಗೆದುಕೊಂಡ. ತಿಳಿಸಲಿಲ್ಲ, ಕೊಡಲೂ ಇಲ್ಲ. 1988ರಲ್ಲಿ ದೂರು ಬಂದಾಗ, ರಾಜಿಯಾಗಿದೆ ಎಂಬ ಸುಳ್ಳು ಪ್ರಮಾಣಪತ್ರವನ್ನು ಸಲ್ಲಿಸಲಾಯಿತು. ಭಾರತೀಯ ವಕೀಲರ ಪರಿಷತ್ತು ಅವನನ್ನು 3 ವರ್ಷ ಅಮಾನತುಗೊಳಿಸಿತು. ಅದನ್ನೂ ಒಪ್ಪದೆ ಅವನು ಸುಪ್ರೀಂ ಕೋರ್ಟಿಗೆ ಹೋದ. ಕೋರ್ಟು 2002ರಲ್ಲಿ ಶಿಕ್ಷೆಯನ್ನು ಹೆಚ್ಚಿಸಿ, ವಕೀಲರ ಪಟ್ಟಿಯಿಂದಲೇ ಅವನ ಹೆಸರನ್ನು ತೆಗೆದುಹಾಕಿತು. ಮೊತ್ತ ಚಿಕ್ಕದೆಂದು ದ್ರೋಹ ಚಿಕ್ಕದಾಗಲಿಲ್ಲ. ಆದರೆ ಆ ಮಾತನ್ನು ಕೇಳಲು ಆ ವೃದ್ಧರು ಸುಮಾರು 14 ವರ್ಷ ಕಾಯಬೇಕಾಯಿತು.

ಕಾನೂನು ಇಲ್ಲವೆಂದಲ್ಲ. ಕಕ್ಷಿದಾರನ ಹಣಕ್ಕೆ ಲೆಕ್ಕ ಇಡಬೇಕು, ಅವನ ಪರವಾಗಿ ಹಣ ಬಂದ ಕೂಡಲೇ ತಿಳಿಸಬೇಕು ಎಂದು ಪರಿಷತ್ತಿನ ನಿಯಮಗಳೇ ಹೇಳುತ್ತವೆ. 1961ರ ವಕೀಲರ ಕಾಯಿದೆಯಂತೆ ದೂರನ್ನು ರಾಜ್ಯ ಪರಿಷತ್ತು ಒಂದು ವರ್ಷದೊಳಗೆ ಮುಗಿಸಬೇಕು; ಇಲ್ಲವಾದರೆ ಅದು ಭಾರತೀಯ ಪರಿಷತ್ತಿಗೆ ಹೋಗುತ್ತದೆ. ಛೀಮಾರಿ, ಅಮಾನತು, ಹೆಸರು ತೆಗೆಯುವುದು: ಇವು ಶಿಕ್ಷೆಗಳು. ಹಣ ಮರಳಿಸುವ ಆದೇಶ ಈ ಪಟ್ಟಿಯಲ್ಲಿಲ್ಲ. ಅದಕ್ಕಾಗಿ ಮೋಸಹೋದವನು ಮತ್ತೊಬ್ಬ ವಕೀಲನನ್ನು ಹಿಡಿದು ಬೇರೆಯೇ ದಾವೆ ಹೂಡಬೇಕು. ಇಂಗ್ಲೆಂಡಿನಲ್ಲಿ ಕಕ್ಷಿದಾರರ ಹಣ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ಸಾಲಿಸಿಟರ್ ಒಬ್ಬ ಅದನ್ನು ನುಂಗಿದರೆ ನೊಂದವರು ವೃತ್ತಿಯವರೇ ಕಟ್ಟಿದ ಪರಿಹಾರ ನಿಧಿಯ ಮೊರೆ ಹೋಗಬಹುದು. ಕರ್ನಾಟಕದ ವಕೀಲರ ಪರಿಷತ್ತನ್ನು ನಾವು ಕೇಳಬೇಕಾದದ್ದು ಈ ಎರಡನ್ನೇ.

ಇನ್ನು ಈ ನೆಲದ ಮಾತು. ಇಲ್ಲಿ 1991ರ ಹಳೆಯ ವಕೀಲಿ ಕಾನೂನಿನ ಜಾಗಕ್ಕೆ 2022ರ 34ನೇ ಫೆಡರಲ್ ಕಾನೂನು ಬಂದಿದೆ. ದುಬೈಯಲ್ಲಿ ವಕೀಲರ ಮೇಲೂ ಕಾನೂನು ಸಲಹೆಗಾರರ ಮೇಲೂ ಸರಕಾರದ ಕಾನೂನು ವ್ಯವಹಾರಗಳ ಇಲಾಖೆಗೆ ದೂರು ಕೊಡಬಹುದು. ಅಬುಧಾಬಿಯಲ್ಲಿ ವಕೀಲರ ನೋಂದಣಿ ನ್ಯಾಯಾಂಗ ಇಲಾಖೆಯದು. ಆದರೆ ಶಿಸ್ತುಕ್ರಮ ನೋಂದಾಯಿತನಿಗೆ ಮಾತ್ರ. ವಕೀಲನಲ್ಲದ ಮಧ್ಯವರ್ತಿಗೆ ಹಣ ಕೊಟ್ಟವನಿಗೆ ಈ ಬಾಗಿಲು ತೆರೆಯುವುದಿಲ್ಲ. ಇನ್ನೊಂದನ್ನೂ ನಮ್ಮ ಕಾರ್ಮಿಕರಿಗೆ ತಿಳಿಸಿ: 1 ಲಕ್ಷ ದಿರ್ಹಂ ಮೀರದ ಸಂಬಳದ ದಾವೆಗೆ ಕಾರ್ಮಿಕ ನ್ಯಾಯಾಲಯದ ಶುಲ್ಕ ಕಟ್ಟಬೇಕಾಗಿಲ್ಲ. ಆ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಗೆಳೆಯರೆ, ಶಿಸ್ತು ಸಮಿತಿ ಬರುವುದು ಹಣ ಹೋದ ಮೇಲೆ. ಅದಕ್ಕೆ ಮೊದಲು ನಮ್ಮ ಕೈಯಲ್ಲಿರುವುದು ಒಂದು ರಸೀದಿ, ಒಂದು ಬರಹದ ಲೆಕ್ಕ. ಲೆಕ್ಕ ಕೇಳುವುದು ಅವಮಾನವೆಂದು ನಮ್ಮ ಜನ ಹಿಂಜರಿಯುತ್ತಾರೆ. ಪ್ರಾಮಾಣಿಕ ವಕೀಲನಿಗೆ ಅದು ಅವಮಾನವಲ್ಲ, ಅವನ ರಕ್ಷಣೆಯೂ ಹೌದು. ಊರಿನಲ್ಲಿರುವ ವಿಧವೆಯ ಪರವಾಗಿ ಆ ಲೆಕ್ಕವನ್ನು ಇಲ್ಲಿಂದ ಕೇಳುವ ಕೆಲಸವನ್ನು ನಮ್ಮ ಸಂಘಗಳು ವಹಿಸಿಕೊಳ್ಳಲಿ.