ಹಳೆಯ ಆಟಕ್ಕೆ ಮತ್ತೆ ಹಣ ಕೊಡಬೇಕೆ?

(ಘಣಸೋಲಿಯ ಕನ್ನಡ ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಊರಿಗೆ ಹಣ ಕಳುಹಿಸಿ, ಖೋಲಿಯ ಬಾಡಿಗೆ ಕಟ್ಟಿ, ಲೋಕಲ್ ರೈಲಿನ ಪಾಸು ತೆಗೆಸಿದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಆ ಉಳಿದುದರಲ್ಲಿ, ಹಿಂದೊಮ್ಮೆ ಆಡಿ ಮುಗಿಸಿದ ಕಂಪ್ಯೂಟರ್ ಆಟವು ಮತ್ತೆ ಮಾರಾಟಕ್ಕೆ ಬಂದಿತೆಂದು ಕೊಳ್ಳುವುದು ವಿವೇಕವೇ? ನಮ್ಮ ತರುಣರು ಎತ್ತಿದ ಈ ಪ್ರಶ್ನೆಯನ್ನು ಇಂದು ವಿಚಾರಿಸೋಣ.

ಹಳೆಯದಕ್ಕೆ ಮತ್ತೆ ಹಣ ಕೊಡುವುದು ಕನ್ನಡಿಗರಿಗೆ ಹೊಸತಲ್ಲ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿಯೂ ಬಣ್ಣ ತಳೆದು ಚಿತ್ರಮಂದಿರಕ್ಕೆ ಬಂದವು. ಕಥೆ ಬಲ್ಲವರೂ ಟಿಕೇಟು ಕೊಂಡರು. ಆ ಹಣ ಕಥೆಗಿಂತ ಹೆಚ್ಚಾಗಿ, ಅದನ್ನು ಹೊಸದಾಗಿ ತೋರಿಸಿದ ದುಡಿಮೆಗೆ ಸಂದಿತು. ಆಟಗಳಿಗೂ ಇದೇ ಅಳತೆ ಸಲ್ಲುತ್ತದೆ.

ಡಾಸ್ ಕಾಲದ ಆಟಗಳನ್ನು ಇಂದಿನ 64 ಬಿಟ್ ವಿಂಡೋಸ್ ನೇರವಾಗಿ ನಡೆಸಲಾರದು. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವು ಹಳೆಯ ಯಂತ್ರದಂತೆ ನಟಿಸಿ ಅವನ್ನು ನಡೆಸುತ್ತದೆ. ಮಾರಾಟಕ್ಕೆ ಬರುವ ಹಲವು ಹಳೆಯ ಆಟಗಳ ಒಳಗಿರುವುದೂ ಇದೇ. ಹಳೆಯ ಡಿಸ್ಕು ಕೈಯಲ್ಲಿದ್ದವರು ಮೊದಲು ಇದನ್ನು ಪ್ರಯತ್ನಿಸಲಿ. ಆದರೆ ನಡೆಸುವ ತಂತ್ರಾಂಶ ಉಚಿತವೆಂದ ಮಾತ್ರಕ್ಕೆ ಆಟವೂ ಉಚಿತವಾಗದು. ಅದರ ಹಕ್ಕು ಒಡೆಯನದು. ಕದ್ದ ಪ್ರತಿ ನಮಗೆ ಬೇಡ.

ನ್ಯಾಯವಾದ ವ್ಯಾಪಾರವೂ ಉಂಟು. 1998ರ ಸ್ಟಾರ್‌ಕ್ರಾಫ್ಟ್ ಆಟವನ್ನು 2017ರಲ್ಲಿ ಒಡೆಯರು ಉಚಿತವಾಗಿ ಕೊಟ್ಟು, ಚಿತ್ರ ಮತ್ತು ಧ್ವನಿ ತಿದ್ದಿದ ಆವೃತ್ತಿಗೆ ಮಾತ್ರ ಬೆಲೆ ಇಟ್ಟರು. ಬೇಕಾದವರು ಕೊಂಡರು, ಬೇಡವಾದವರು ಹಳೆಯದನ್ನೇ ಆಡಿದರು. ಇದಕ್ಕೆ ವಿರುದ್ಧವಾಗಿ, 2002ರ ವಾರ್‌ಕ್ರಾಫ್ಟ್ 3 ಆಟವು 2020ರಲ್ಲಿ ಹೊಸ ವೇಷದಿಂದ ಬಂದಾಗ, ಮೊದಲು ತೋರಿಸಿದ್ದೆಲ್ಲ ಅದರಲ್ಲಿರಲಿಲ್ಲ. ಅತೃಪ್ತರಿಗೆ ಹಣ ಹಿಂದಿರುಗಿಸಬೇಕಾಯಿತು. 2021ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ ಸರಣಿಯ ಮೂರು ಹಳೆಯ ಆಟಗಳು ದೋಷಗಳೊಡನೆ ಹೊರಬಿದ್ದು, ಕಂಪನಿಯೇ ಕ್ಷಮೆ ಕೇಳಿತು. ಹೆಸರು ದೊಡ್ಡದೆಂದು ಮೊದಲ ದಿನವೇ ಹಣ ಸುರಿಯಬಾರದೆಂಬುದಕ್ಕೆ ಇವೇ ನಿದರ್ಶನ.

ಆದಕಾರಣ ಕೊಳ್ಳುವ ಮುನ್ನ ಮೂರು ಮಾತು ಕೇಳಿಕೊಳ್ಳೋಣ. ಒಂದು, ನಿಜವಾಗಿ ಹೊಸ ದುಡಿಮೆ ನಡೆದಿದೆಯೇ? ಎರಡು, ಆಟ ನಮ್ಮ ಕೈಯಲ್ಲಿ ಉಳಿಯುವುದೇ? 2008ರಿಂದ ನಡೆದಿರುವ ಗಾಗ್ ಅಂಗಡಿಯು ಬೀಗವಿಲ್ಲದ ಪ್ರತಿಯನ್ನು ಕೊಡುತ್ತದೆ. ಅದನ್ನು ಇಳಿಸಿ ಇಟ್ಟುಕೊಳ್ಳಬಹುದು. ಮೂರು, ಒಗ್ಗದಿದ್ದರೆ ಹಣ ಮರಳುವುದೇ? ಸ್ಟೀಮ್ ಅಂಗಡಿಯಲ್ಲಿ ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಸಾಮಾನ್ಯವಾಗಿ ಮರಳುತ್ತದೆ.

ಮೂರಕ್ಕೂ ಹೌದೆಂಬ ಉತ್ತರ ಬಂದರೆ, ರಿಯಾಯಿತಿಯ ದಿನ ನೋಡಿ ಧಾರಾಳವಾಗಿ ಕೊಳ್ಳಬಹುದು. ದುಡಿಯುವವನಿಗೆ ವಿನೋದ ಪಾಪವಲ್ಲ. ಆದರೆ ಬರಿಯ ನೆನಪಿಗೆ ಬೆಲೆ ಕಟ್ಟಿ ಮಾರಬಂದರೆ, ಆ ನೆನಪು ಆಗಲೇ ನಮ್ಮದಾಗಿದೆ. ಅದನ್ನು ನಾವು ಎರಡನೆಯ ಸಲ ಕೊಳ್ಳಬೇಕಾಗಿಲ್ಲ.